ಒಂದು ಪೈಪು ತೊಳೆಯಲಿಕ್ಕೆ ಇಷ್ಟು ಹೊತ್ತಾ?

ಮನೆಯಲ್ಲಿ ಯಾರಾದರೂ ಎಂಡೋಸ್ಕೋಪಿ ಮಾಡಿಸಿಕೊಂಡಿದ್ದರೆ ಅವರ ಬಿಲ್ಲು ಒಮ್ಮೆ ತೆಗೆದು ನೋಡಿ. ಡಾಕ್ಟರ ಫೀಸು ಇರುತ್ತದೆ, ಇಂಜೆಕ್ಷನ್ ಇರುತ್ತದೆ, ಕೆಲವು ಕಡೆ ಗ್ಲೌಸಿನ ಲೆಕ್ಕವೂ ಇರುತ್ತದೆ, ಬಯಾಪ್ಸಿ ತೆಗೆದಿದ್ದರೆ ಅದಕ್ಕೆ ಬೇರೆ ಸಾಲು. ರಿಪೋರ್ಟಿನಲ್ಲಿ ಜಠರದ ಬಣ್ಣದ ಫೋಟೋಗಳು. ಆದರೆ ಗಂಟಲಿನ ಒಳಗೆ ಹೋಗಿ ಬಂದ ಆ ಕಪ್ಪು ಪೈಪನ್ನು ಯಾರು ತೊಳೆದರು, ಎಷ್ಟು ಹೊತ್ತು ತೊಳೆದರು, ಅದು ಎಲ್ಲಿಯೂ ಇಲ್ಲ.

ಹಾಗೆ ತೊಳೆಯುವವರಲ್ಲಿ ನಾನೂ ಒಬ್ಬಳು. ಮಂಗಳೂರಿನ ಒಂದು ಆಸ್ಪತ್ರೆಯ ಎಂಡೋಸ್ಕೋಪಿ ಯೂನಿಟ್‌ನಲ್ಲಿ ಟೆಕ್ನಿಷಿಯನ್. ಯಾವ ಆಸ್ಪತ್ರೆ ಅಂತ ಹೇಳುವುದಿಲ್ಲ. ಹೇಳಿದರೆ ನಾಳೆ ಮೇಲಿನವರು ಕರೆಯುತ್ತಾರೆ, ಸುಮ್ನೆ ರಗಳೆ. ಮತ್ತೆ ಇದು ಒಂದು ಆಸ್ಪತ್ರೆಯ ಕಥೆಯೂ ಅಲ್ಲ. ಈ ಕೆಲಸದಲ್ಲಿ ಇರುವ ಬೇರೆ ಕಡೆಯವರು ಸಿಕ್ಕಿದಾಗ ಮಾತಾಡುವುದೂ ಇದನ್ನೇ.

ಮಂಗಳೂರು, ಮಣಿಪಾಲ ಅಂದರೆ ಆಸ್ಪತ್ರೆಗಳ ಊರು ಅಂತ ಘಟ್ಟದ ಮೇಲಿನವರಿಗೂ ಗೊತ್ತು. ವೆನ್ಲಾಕ್ 1848ರದ್ದು, ಫಾದರ್ ಮುಲ್ಲರ್ 1880ರದ್ದು, ಮಣಿಪಾಲದ ಕೆಎಂಸಿ ಶುರುವಾದದ್ದು 1953ರಲ್ಲಿ. ಹಾಗಾಗಿ ಎಲ್ಲಿಂದಲೋ ಜನ ಬರುತ್ತಾರೆ. ಕಾಸರಗೋಡಿನಿಂದ, ಸುಳ್ಯದಿಂದ, ಸಂಪಾಜೆ ಘಾಟಿ ಇಳಿದು ಮಡಿಕೇರಿಯಿಂದ. ಮೊದಲ ಬಸ್ಸಿಗೆ ಹೊರಟಿರುತ್ತಾರೆ, ರಾತ್ರಿಯಿಂದ ಹೊಟ್ಟೆ ಖಾಲಿ, ಶುಗರ್ ಇದ್ದವರಿಗೆ ಹತ್ತು ಗಂಟೆ ಆಗುವಾಗ ಕೈಕಾಲು ನಡುಗಲಿಕ್ಕೆ ಶುರು. ಅವರ ಸಿಟ್ಟು ನ್ಯಾಯವಾದದ್ದೇ. ಒಬ್ಬರು ಅಜ್ಜ ನನ್ನನ್ನು ನಿಲ್ಲಿಸಿ ಕೇಳಿದ್ದರು.

"ಎಂತ ಸಿಸ್ಟರ್, ನನ್ನ ಮುಂದಿನವರು ಒಳಗೆ ಹೋಗಿ ಹತ್ತು ನಿಮಿಷಕ್ಕೆ ಹೊರಗೆ ಬಂದ್ರು. ಆಮೇಲೆ ಯಾರನ್ನೂ ಕರೀಲೇ ಇಲ್ಲ. ಡಾಕ್ಟ್ರು ಚಾ ಕುಡೀಲಿಕ್ಕೆ ಹೋದ್ರಾ?"

"ಇಲ್ಲ ಅಜ್ಜ, ಪೈಪು ತೊಳೀತಾ ಇದ್ದೇವೆ."

"ಒಂದು ಪೈಪು ತೊಳೆಯಲಿಕ್ಕೆ ಇಷ್ಟು ಹೊತ್ತಾ ಮಾರಾಯ್ತಿ?"

ಅಜ್ಜನಿಗೆ ಆ ಹೊತ್ತಿಗೆ ಸರಿಯಾಗಿ ಉತ್ತರ ಕೊಡಲಿಕ್ಕೆ ಆಗಲಿಲ್ಲ, ಕೈಯಲ್ಲಿ ಕೆಲಸ ಇತ್ತು. ಈಗ ಕೊಡುತ್ತೇನೆ.

ಮೊದಲು ಈ ಪೈಪು ಎಂಥದ್ದು ಅಂತ ನೋಡಿ. ಹೊರಗಿನಿಂದ ಕಪ್ಪು, ನುಣುಪು, ಹೆಚ್ಚುಕಡಿಮೆ ಕಿರುಬೆರಳಿನಷ್ಟು ದಪ್ಪ. ಹೊಟ್ಟೆ ನೋಡುವ ಗ್ಯಾಸ್ಟ್ರೋಸ್ಕೋಪ್ ಒಂದು ಮೀಟರಿಗಿಂತ ಸ್ವಲ್ಪ ಜಾಸ್ತಿ ಉದ್ದ, ದೊಡ್ಡ ಕರುಳು ನೋಡುವ ಕೊಲೊನೋಸ್ಕೋಪ್ ಇನ್ನೂ ಉದ್ದ. ಹೊರಮೈ ತೊಳೆಯುವುದು ಕಷ್ಟವೇ ಅಲ್ಲ. ಕಷ್ಟ ಇರುವುದು ಒಳಗೆ. ಒಳಗೆ ಉದ್ದಕ್ಕೂ ಸಪೂರ ಕೊಳವೆಗಳು ಓಡುತ್ತವೆ, ನಾವು ಚಾನೆಲ್ ಅನ್ನುತ್ತೇವೆ. ಅದರಲ್ಲಿ ದೊಡ್ಡದು ಅಂದರೆ ಬಯಾಪ್ಸಿ ಚಾನೆಲ್. ಬಯಾಪ್ಸಿಗೆ ಚೂರು ಕೀಳುವ ಫೋರ್ಸೆಪ್ಸ್ ಹೋಗುವುದೂ ಅದರಲ್ಲೇ, ಸಕ್ಷನ್ ಎಳೆಯುವುದೂ ಅದರಲ್ಲೇ. ಸಾಮಾನ್ಯ ಗ್ಯಾಸ್ಟ್ರೋಸ್ಕೋಪಿನಲ್ಲಿ ಅದರ ಒಳಗಲ 2.8 ಮಿಲಿಮೀಟರ್. ಇದು ದೊಡ್ಡದು! ಗಾಳಿ, ನೀರು ಹೋಗುವ ಚಾನೆಲ್ ಇದಕ್ಕಿಂತ ಎಷ್ಟೋ ಸಣ್ಣದು, ಹೆಚ್ಚಿನ ಸ್ಕೋಪುಗಳಲ್ಲಿ ಅದರೊಳಗೆ ಬ್ರಶ್ಶೇ ಹೋಗುವುದಿಲ್ಲ, ಒತ್ತಡದಲ್ಲಿ ದ್ರಾವಣ ಹಾಯಿಸಬೇಕಷ್ಟೆ. ಜೊಲ್ಲು, ಪಿತ್ತ, ರಕ್ತ, ಮಲ ಎಲ್ಲ ಹಾದು ಬರುವುದು ಈ ದಾರಿಯಲ್ಲಿ. ಒಳಗೆ ಏನು ಉಳಿದಿದೆ ಅಂತ ಕಣ್ಣಿಗೆ ಕಾಣುವುದಿಲ್ಲ.

ಹಾಗಾದರೆ ಕುದಿಸಬಾರದಾ, ಆಟೋಕ್ಲೇವಿಗೆ ಹಾಕಬಾರದಾ ಅಂತ ಕೇಳುತ್ತಾರೆ. ಆಪರೇಶನ್ ಕತ್ತರಿಗಳನ್ನು 121 ಅಥವಾ 134 ಡಿಗ್ರಿ ಹಬೆಯಲ್ಲಿ ಇಟ್ಟು ತೆಗೆಯುತ್ತಾರೆ, ಮುಗಿಯಿತು. ಈ ಸ್ಕೋಪ್ ಆ ಬಿಸಿ ತಡೆಯುವುದಿಲ್ಲ. ಒಳಗೆ ರಬ್ಬರ್ ಉಂಟು, ಅಂಟು ಉಂಟು, ತುದಿಯಲ್ಲಿ ಕ್ಯಾಮೆರಾ ಉಂಟು. 1868ರಲ್ಲಿ ಜರ್ಮನಿಯ ಕುಸ್‌ಮೌಲ್ ಎನ್ನುವ ಡಾಕ್ಟರು ಮೊದಲ ಸಲ ಜೀವಂತ ಮನುಷ್ಯನ ಹೊಟ್ಟೆಯ ಒಳಗೆ ಇಣುಕಿದಾಗ ಬಳಸಿದ್ದು ನೇರ, ಗಟ್ಟಿ ಕೊಳವೆ. ಅದನ್ನು ನುಂಗಲಿಕ್ಕೆ ಸಿಕ್ಕಿದ್ದು ಕತ್ತಿ ನುಂಗುವ ಆಟದವನು, ಬೇರೆ ಯಾರಿಂದ ಸಾಧ್ಯ ಹೇಳಿ. ಬಾಗುವ ಫೈಬರ್ ಸ್ಕೋಪನ್ನು ಬೇಸಿಲ್ ಹಿರ್ಷೋವಿಟ್ಜ್ ತಯಾರು ಮಾಡಿ ಬಳಕೆಗೆ ತಂದದ್ದು 1957ರಲ್ಲಿ, ಅವರು ಮೊದಲು ಅದನ್ನು ತಮ್ಮದೇ ಗಂಟಲಿಗೆ ಇಳಿಸಿಕೊಂಡು ನೋಡಿದರಂತೆ. ಅಲ್ಲಿಂದ ರೋಗಿಗಳಿಗೆ ಸುಖವಾಯಿತು. ರೋಗಿಗೆ ಸುಖ ಕೊಟ್ಟ ಆ ಬಾಗುವ ಗುಣವೇ ತೊಳೆಯುವವರಿಗೆ ಕಷ್ಟವಾದದ್ದು. ಗಟ್ಟಿ ಕೊಳವೆಯಾಗಿದ್ದರೆ ಕುದಿಸಿ ಬಿಸಾಡಿ ಮನೆಗೆ ಹೋಗಬಹುದಿತ್ತು.

ಈಗ ಗಡಿಯಾರ ಹಿಡಿದು ಲೆಕ್ಕ ಮಾಡುವ.

ಡಾಕ್ಟರು ಸ್ಕೋಪನ್ನು ಹೊರಗೆ ಎಳೆದ ಕೂಡಲೇ, ರೋಗಿ ಇನ್ನೂ ಮಂಚದ ಮೇಲೆ ಇರುವಾಗಲೇ, ಹೊರಮೈ ಒರೆಸಿ, ಕೊಳೆ ಬಿಡಿಸುವ ಎಂಜೈಮ್ ದ್ರಾವಣ ಸಕ್ಷನ್ ಮಾಡಬೇಕು. ಎರಡು ಮೂರು ನಿಮಿಷ. ಮುಚ್ಚಿದ ಡಬ್ಬಿಯಲ್ಲಿ ಹಾಕಿ ವಾಶ್ ರೂಮಿಗೆ ತರಬೇಕು. ಆಮೇಲೆ ಲೀಕ್ ಟೆಸ್ಟ್. ಸ್ಕೋಪಿನ ಒಳಗೆ ಗಾಳಿ ತುಂಬಿ, ನೀರಿನಲ್ಲಿ ಮುಳುಗಿಸಿ, ತುದಿಯನ್ನು ನಾಲ್ಕೂ ಕಡೆ ಬಗ್ಗಿಸಿ ಗುಳ್ಳೆ ಏಳುತ್ತದಾ ಅಂತ ನೋಡುವುದು. ಒಂದು ಕಡೆಯಿಂದ ಬಿಡದೆ ಸಣ್ಣ ಗುಳ್ಳೆಗಳ ಸಾಲು ಎದ್ದರೆ ಮುಗಿಯಿತು, ಎಲ್ಲೋ ತೂತಾಗಿದೆ. ಅದನ್ನು ನೋಡದೆ ಮುಂದೆ ಹೋದರೆ ನೀರು ಒಳಗೆ ನುಗ್ಗಿ ಲಕ್ಷಗಟ್ಟಲೆ ರೂಪಾಯಿಯ ಸ್ಕೋಪ್ ಹಾಳು. ಬಾಯಿಗೆ ಇಟ್ಟ ಮೌತ್ ಗಾರ್ಡನ್ನು ಉಗುಳಿ ಪೈಪನ್ನೇ ಕಚ್ಚುವ ರೋಗಿಗಳೂ ಇರುತ್ತಾರೆ, ಆ ದಿನ ಈ ಟೆಸ್ಟ್ ಮಾಡುವಾಗ ನನಗೆ ಎದೆ ಹೊಡೆದುಕೊಳ್ಳುತ್ತದೆ.

ಲೀಕ್ ಇಲ್ಲ ಅಂತಾದರೆ ನಿಜವಾದ ತೊಳೆಯುವ ಕೆಲಸ. ಪ್ರತಿ ಸ್ಕೋಪಿಗೆ ಹೊಸ ಎಂಜೈಮ್ ದ್ರಾವಣ, ಹಿಂದಿನದ್ದರಲ್ಲಿಯೇ ಇದನ್ನೂ ಅದ್ದುವ ಹಾಗಿಲ್ಲ. ನೀರು ಜಾಸ್ತಿ ಬಿಸಿ ಇರಬಾರದು, ಬಿಸಿಗೆ ರಕ್ತ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ವಾಲ್ವುಗಳನ್ನು ಬಿಚ್ಚಿ ಒಂದೊಂದನ್ನೂ ಸಣ್ಣ ಬ್ರಶ್ಶಿನಲ್ಲಿ ತಿಕ್ಕಬೇಕು. ಉದ್ದದ ಬ್ರಶ್ಶನ್ನು ಸಕ್ಷನ್ ವಾಲ್ವಿನ ಬಾಯಿಯಿಂದ ಒಂದು ಸಲ ಕೆಳಗೆ ತುದಿಯವರೆಗೆ, ಒಂದು ಸಲ ಮೇಲಿನ ಕೇಬಲ್ ಕಡೆಗೆ, ಆಮೇಲೆ ಬಯಾಪ್ಸಿ ಬಾಯಿಯಿಂದ ಬೇರೆ. ಬ್ರಶ್ ಆಚೆ ತುದಿಯಲ್ಲಿ ಹೊರಗೆ ಬಂದಾಗ ಅದರ ಕೂದಲನ್ನು ಬೆರಳಿನಲ್ಲಿ ತಿಕ್ಕಿ ತೊಳೆದು ಮತ್ತೆ ಒಳಗೆ ಎಳೆಯಬೇಕು. ಎಷ್ಟು ಸಲ? ಬ್ರಶ್ಶಿನಲ್ಲಿ ಏನೂ ಕಾಣದೆ ಇರುವವರೆಗೆ. ಎಲ್ಲವೂ ನೀರಿನ ಒಳಗೇ ಆಗಬೇಕು, ಇಲ್ಲವಾದರೆ ಬ್ರಶ್ ಹೊರಗೆ ಬರುವಾಗ ಮುಖಕ್ಕೆ ಹಾರುತ್ತದೆ. ನನಗೆ ಕೆಲಸ ಕಲಿಸಿದ ಅಕ್ಕ ಒಬ್ಬರಿದ್ದರು. ಬ್ರಶ್ ಎಳೆಯುವಾಗ ಕೈಗೆ ಸಿಗುವ ತಡೆ ನೋಡಿಯೇ "ಇದರಲ್ಲಿ ಇನ್ನೂ ಉಂಟು" ಅನ್ನುತ್ತಿದ್ದರು. ಮುಂದಿನ ಸಲ ಎಳೆದಾಗ ಕೂದಲಿನ ನಡುವೆ ಕಂದು ಬಣ್ಣದ ಒಂದು ಎಳೆ ಇದ್ದೇ ಇರುತ್ತಿತ್ತು.

ಇದಕ್ಕೆ ಹದಿನೈದು, ಇಪ್ಪತ್ತು ನಿಮಿಷ ಬೇಕು. ರಕ್ತ ಇದ್ದರೆ, ಅಥವಾ ಕೊಲೊನೋಸ್ಕೋಪಿಗೆ ಹೊಟ್ಟೆ ಸರಿಯಾಗಿ ಖಾಲಿ ಮಾಡದೆ ಬಂದಿದ್ದರೆ, ಇನ್ನೂ ಜಾಸ್ತಿ. ಹೊಟ್ಟೆ ಖಾಲಿ ಮಾಡಲಿಕ್ಕೆ ಕೊಡುವ ಆ ಉಪ್ಪುಪ್ಪಾದ ನೀರನ್ನು ಪೂರ್ತಿ ಕುಡಿಯಿರಿ ಅಂತ ಹೇಳುವುದು ಡಾಕ್ಟರಿಗೆ ಕಾಣಲಿಕ್ಕೆ ಮಾತ್ರ ಅಲ್ಲ ಅಂತ ನಾವು ನಾವೇ ಹೇಳಿಕೊಳ್ಳುವುದುಂಟು.

ಇಷ್ಟೆಲ್ಲ ಆದ ಮೇಲೆ ಸೈಡೆಕ್ಸ್, ಅಂದರೆ ಕ್ರಿಮಿ ಕೊಲ್ಲುವ ದ್ರಾವಣ. ಕಂಪನಿಯ ಹೆಸರು ಯಾವುದೇ ಇರಲಿ, ಆಸ್ಪತ್ರೆಯಲ್ಲಿ ಆ ದ್ರಾವಣಕ್ಕೆ ಸೈಡೆಕ್ಸ್ ಅಂತಲೇ ಹೇಳುವುದು. ಹಳೆಯದು ಗ್ಲುಟರಾಲ್ಡಿಹೈಡ್, ಈಗ ಹೆಚ್ಚಿನ ಕಡೆ ಒಪಿಎ. ಅದರ ಶಕ್ತಿ ಇನ್ನೂ ಉಂಟಾ ಅಂತ ಸ್ಟ್ರಿಪ್ ಅದ್ದಿ ನೋಡಬೇಕು, 14 ದಿನ ದಾಟಿದರೆ ಚೆಲ್ಲಬೇಕು, ಸ್ಟ್ರಿಪ್ ಫೇಲಾದರೆ ಅದಕ್ಕಿಂತ ಮೊದಲೇ ಚೆಲ್ಲಬೇಕು. ಅಮೆರಿಕದ ಲೇಬಲ್ ಪ್ರಕಾರ ಒಪಿಎಗೆ 20 ಡಿಗ್ರಿಯಲ್ಲಿ 12 ನಿಮಿಷ. ಚಾನೆಲ್ ಒಳಗೆಲ್ಲ ದ್ರಾವಣ ತುಂಬಿ, ಗುಳ್ಳೆ ಉಳಿಯದ ಹಾಗೆ ಮುಳುಗಿಸಿ ಇಡಬೇಕು. ಗಾಳಿ ಗುಳ್ಳೆ ನಿಂತ ಜಾಗಕ್ಕೆ ಔಷಧ ಮುಟ್ಟುವುದಿಲ್ಲ.

ಹೊರಗಿನವರಿಗೆ ಇಲ್ಲಿ ಒಂದು ತಪ್ಪು ತಿಳುವಳಿಕೆ ಇರುತ್ತದೆ. ಸೈಡೆಕ್ಸಿನಲ್ಲಿ ಮುಳುಗಿಸಿದರೆ ಸಾಕು, ಕ್ರಿಮಿ ಸತ್ತಿತು, ಮೊದಲಿನ ತಿಕ್ಕಾಟ ಎಲ್ಲ ಶಿಸ್ತಿಗಾಗಿ ಅಂತ. ಹಾಗಲ್ಲ. ಕೊಲೊನೋಸ್ಕೋಪಿ ಮುಗಿದ ಸ್ಕೋಪಿನಲ್ಲಿ ಬ್ಯಾಕ್ಟೀರಿಯಾ ಕೋಟಿಗಟ್ಟಲೆ ಇರಬಹುದು. ಕೈಯಲ್ಲಿ ಸರಿಯಾಗಿ ತೊಳೆದರೆ ಅದರ ಬಹುಪಾಲು ಸಿಂಕಿನಲ್ಲೇ ಹೋಗುತ್ತದೆ. ತೊಳೆಯದೆ ಮುಳುಗಿಸಿದರೆ ಗ್ಲುಟರಾಲ್ಡಿಹೈಡ್ ಏನು ಮಾಡುತ್ತದೆ ಅಂದರೆ ರಕ್ತ, ಲೋಳೆಯ ಪ್ರೊಟೀನನ್ನು ಅಲ್ಲಿಯೇ ಗಟ್ಟಿ ಮಾಡಿ ಕೂರಿಸಿಬಿಡುತ್ತದೆ. ಅದರ ಅಡಿಯಲ್ಲಿ ಕ್ರಿಮಿಗಳು ಆರಾಮ. ದಿನ ಕಳೆದ ಹಾಗೆ ಅದೇ ಪದರ ಬೆಳೆಯುತ್ತಾ ಹೋಗುತ್ತದೆ, ಬಯೋಫಿಲ್ಮ್ ಅನ್ನುತ್ತಾರೆ, ಅದು ಒಮ್ಮೆ ಹಿಡಿಯಿತು ಅಂದರೆ ಬ್ರಶ್ಶಿಗೂ ಬಗ್ಗುವುದಿಲ್ಲ, ಔಷಧಕ್ಕೂ ಬಗ್ಗುವುದಿಲ್ಲ.

ಸೈಡೆಕ್ಸಿನಿಂದ ತೆಗೆದ ಮೇಲೆ ನೀರು. ಒಪಿಎ ಆದರೆ ಮೂರು ಸಲ, ಪ್ರತಿ ಸಲ ಹೊಸ ನೀರು, ಸುಮಾರು 8 ಲೀಟರಿನಲ್ಲಿ ಕನಿಷ್ಠ ಒಂದು ನಿಮಿಷ ಮುಳುಗಿಸಿ, ಚಾನೆಲ್ ಒಳಗೂ ಹಾಯಿಸಬೇಕು. ಅಂದರೆ ಒಂದು ಸ್ಕೋಪಿಗೆ ಕೊನೆಯ ತೊಳೆಗೇ 24 ಲೀಟರ್ ಆಯಿತು. ಏಪ್ರಿಲ್, ಮೇ ತಿಂಗಳಲ್ಲಿ ತುಂಬೆ ಡ್ಯಾಮಿನ ನೀರಿನ ಮಟ್ಟ ದಿನಾ ಪೇಪರಿನಲ್ಲಿ ಬರುವ ಊರು ನಮ್ಮದು, ಉಡುಪಿಯವರಿಗೆ ಬಜೆ ಡ್ಯಾಮ್. 2019ರ ಬೇಸಿಗೆಯಲ್ಲಿ ಮಂಗಳೂರಿನಲ್ಲಿ ಸರದಿ ಪ್ರಕಾರ ನೀರು ಬಿಟ್ಟದ್ದು ಎಲ್ಲರಿಗೂ ನೆನಪಿರಬಹುದು. ಅಂಥ ದಿನಗಳಲ್ಲಿ ಆಸ್ಪತ್ರೆಗೆ ಟ್ಯಾಂಕರ್ ಬರುತ್ತದೆ, ನೀರು ಇಲ್ಲ ಅಂತ ಆಗುವುದಿಲ್ಲ. ಆದರೂ ಟಬ್ ಚೆಲ್ಲುವ ಕೈ ಒಂದು ಕ್ಷಣ ಹಿಂದೆ ಮುಂದೆ ನೋಡುತ್ತದೆ. ಮನೆಯಲ್ಲಿ ಬಟ್ಟೆ ಒಗೆದ ನೀರನ್ನು ತೆಂಗಿನ ಬುಡಕ್ಕೆ ಹಾಕಿ ಬಂದ ಕೈ ಅಲ್ವಾ.

ಮತ್ತೆ ಒಣಗಿಸುವುದು. ಇದರ ಬಗ್ಗೆ ನನಗೆ ಎಲ್ಲಕ್ಕಿಂತ ಜಾಸ್ತಿ ಹೇಳಲಿಕ್ಕೆ ಉಂಟು, ಯಾಕೆಂದರೆ ಎಲ್ಲರೂ ಎಲ್ಲಕ್ಕಿಂತ ಮೊದಲು ಬಿಡುವುದು ಇದನ್ನೇ. ಚಾನೆಲ್ ಒಳಗೆ ಆಲ್ಕೋಹಾಲ್ ಹಾಯಿಸಿ, ಆಮೇಲೆ ಗಾಳಿ ಊದಬೇಕು. 2021ರ ಅಮೆರಿಕದ ಮಾನದಂಡ ಕನಿಷ್ಠ 10 ನಿಮಿಷ ಗಾಳಿ ಅನ್ನುತ್ತದೆ. ಹತ್ತು ನಿಮಿಷ! ಹೊರಗೆ ಬೆಂಚಿನಲ್ಲಿ ಅಜ್ಜ ಕಾಯುತ್ತಿರುವಾಗ, ಒಳಗಿನಿಂದ "ಸ್ಕೋಪ್ ರೆಡಿಯಾ?" ಅಂತ ಕೂಗು ಬರುವಾಗ, ತೊಳೆದು ಮುಗಿದ, ಔಷಧದಲ್ಲಿ ಮುಳುಗಿಸಿ ತೆಗೆದ, ನೋಡಲಿಕ್ಕೆ ಫಳಫಳ ಹೊಳೆಯುವ ಸ್ಕೋಪನ್ನು ಕೈಯಲ್ಲಿ ಹಿಡಿದು ಹತ್ತು ನಿಮಿಷ ಗಾಳಿ ಊದುತ್ತಾ ನಿಲ್ಲುವುದು ಎಷ್ಟು ಕಷ್ಟ ಅಂತ ಆ ಮಾನದಂಡ ಬರೆದವರಿಗೆ ಗೊತ್ತಿರಬಹುದು, ಗೊತ್ತಿಲ್ಲದೆಯೂ ಇರಬಹುದು.

ಆದರೆ ಅದು ಬಿಡುವ ಹಾಗಿಲ್ಲ, ನಮ್ಮ ಊರಲ್ಲಂತೂ ಬಿಡಲೇಬಾರದು. ಜಡಿಮಳೆಯ ಆಟಿ ತಿಂಗಳಲ್ಲಿ ದಪ್ಪದ ಜೀನ್ಸ್ ಪ್ಯಾಂಟು ಒಗೆದು ಹಾಕಿದವರಿಗೆ ಗೊತ್ತು, ಮೂರು ದಿನ ಆದರೂ ಸೊಂಟದ ಹತ್ತಿರ ತೇವ ಇದ್ದೇ ಇರುತ್ತದೆ, ಆಮೇಲೆ ಒಂದು ವಾಸನೆ. ಚಾನೆಲ್ ಅದಕ್ಕಿಂತ ಕಡೆ, ಎರಡೂ ತುದಿ ತೆರೆದಿದ್ದರೂ ಗಾಳಿ ಆಡುವುದಿಲ್ಲ. ಒಳಗೆ ನಾಲ್ಕು ಹನಿ ಉಳಿದರೆ ಸಾಕು, ಸ್ಯೂಡೋಮೊನಾಸ್ ಅಂತ ಒಂದು ಬ್ಯಾಕ್ಟೀರಿಯಾ ಉಂಟು, ಅದಕ್ಕೆ ನೀರು ಅಂದರೆ ಪ್ರಾಣ, ರಾತ್ರಿಯಲ್ಲೇ ಬೆಳೆದುಬಿಡುತ್ತದೆ. ಬೆಳಗ್ಗೆ ಮೊದಲ ರೋಗಿಗೆ ಹೋಗುವುದು ಅದೇ ಸ್ಕೋಪ್. ಹಾಗಾಗಿ ಒಣಗಿಸಿದ ಮೇಲೂ ಸುರುಳಿ ಸುತ್ತಿ ಇಡುವುದಲ್ಲ, ಕಪಾಟಿನಲ್ಲಿ ನೇರ ತೂಗು ಹಾಕಬೇಕು, ವಾಲ್ವು ತೆಗೆದಿಟ್ಟು. ಹೊಸ ಸ್ಕೋಪ್ ಬರುವಾಗ ಚಂದದ ಒಂದು ಸೂಟ್‌ಕೇಸ್ ಬರುತ್ತದಲ್ಲ, ಒಳಗೆ ಸ್ಪಂಜು ಇರುವುದು, ಅದರಲ್ಲಿ ಇಡಲೇಬಾರದು. ಒಣಗದ ಸ್ಪಂಜಿನಲ್ಲಿ ಸ್ಕೋಪ್ ಮಲಗಿಸಿದರೆ ಇಷ್ಟು ಹೊತ್ತು ತೊಳೆದದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

ಕೂಡಿಸಿ ನೋಡಿ. ಹತ್ತು ನಿಮಿಷದ ಕೇಸಿಗೆ ಒಂದು ಗಂಟೆಯ ಹತ್ತಿರ ತೊಳೆಯುವ ಕೆಲಸ. ಔಷಧದಲ್ಲಿ ಮುಳುಗಿರುವ ಹೊತ್ತು ಬಿಟ್ಟರೂ ನನ್ನ ಕೈ ಕೆಲಸ ಮಾಡುವುದು ಸುಮಾರು 40 ನಿಮಿಷ. ಎಂಟು ಗಂಟೆ ಡ್ಯೂಟಿ ಅಂದರೆ 480 ನಿಮಿಷ. ಒಬ್ಬರು ಊಟ ಮಾಡದೆ, ಬಾತ್‌ರೂಮಿಗೆ ಹೋಗದೆ ತೊಳೆದರೆ 12 ಸ್ಕೋಪ್. ಈಗ ಬೆಳಗ್ಗಿನ ಲಿಸ್ಟಿನಲ್ಲಿ 20 ಹೆಸರು ಇದ್ದು, ತೊಳೆಯುವವರು ಒಬ್ಬರೇ ಇದ್ದರೆ ಏನಾಗುತ್ತದೆ? ಎಲ್ಲಿಯೋ ಎಂಟು ಸ್ಕೋಪಿನ ಹೊತ್ತು ಕಳವಾಗುತ್ತದೆ. ಇದು ಮೂರನೇ ಕ್ಲಾಸಿನ ಗಣಿತ. ಆದರೆ ಲಿಸ್ಟ್ ಮಾಡುವಾಗ ಯಾರೂ ಈ ಗಣಿತ ಮಾಡುವುದಿಲ್ಲ. ಅಲ್ಲಿ ಲೆಕ್ಕಕ್ಕೆ ಬರುವುದು ಡಾಕ್ಟರ ಹತ್ತು ನಿಮಿಷ. ನನಗೆ ಹೇಳಲಿಕ್ಕೆ ಇರುವುದು ಇಷ್ಟೇ. ಸೋಂಕು ಆದಾಗ ತೊಳೆದವಳ ಕಡೆ ಬೆರಳು ತೋರಿಸುತ್ತಾರೆ, ಉದಾಸೀನ ಮಾಡಿದ್ದಾಳೆ ಅಂತ. ಆ ಉದಾಸೀನ ಎಷ್ಟೋ ಸಲ ಹಿಂದಿನ ದಿನ ಸಂಜೆ ಲಿಸ್ಟ್ ಟೈಪ್ ಮಾಡುವಾಗಲೇ ಶುರುವಾಗಿರುತ್ತದೆ.

ಇದು ನನ್ನ ಗೊಣಗಾಟ ಮಾತ್ರ ಅಲ್ಲ. ಅಮೆರಿಕದಲ್ಲಿ 2010ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು, ಸ್ಕೋಪ್ ತೊಳೆಯುವುದನ್ನು ಪಕ್ಕದಲ್ಲಿ ನಿಂತು ನೋಡಿ ಬರೆದುಕೊಂಡದ್ದು. ಪೂರ್ತಿ ಕೈಯಲ್ಲೇ ಮಾಡುವ ಕಡೆ ಎಲ್ಲ ಹಂತಗಳನ್ನೂ ಬಿಡದೆ ಮಾಡಿದ್ದು 100ಕ್ಕೆ 1.4 ಸ್ಕೋಪಿಗೆ. ಹೌದು, ಒಂದೂವರೆಯೂ ಇಲ್ಲ. ಔಷಧ, ನೀರಿನ ಹಂತಗಳನ್ನು ತಾನೇ ಮಾಡುವ ಮಷಿನ್ ಇದ್ದ ಕಡೆ 75.4. ಹೆಚ್ಚಾಗಿ ಬಿಟ್ಟು ಹೋದದ್ದರಲ್ಲಿ ಎಲ್ಲ ಚಾನೆಲ್ ಬ್ರಶ್ ಮಾಡುವುದು ಮತ್ತು ಗಾಳಿಯಲ್ಲಿ ಒಣಗಿಸುವುದು ಇದ್ದವು. ಅಂದರೆ ತುಂಬಾ ಹೊತ್ತು ತಿನ್ನುವ, ಬಿಟ್ಟರೆ ಯಾರಿಗೂ ಕಾಣದ ಎರಡು ಕೆಲಸ. ಅಮೆರಿಕದಲ್ಲೂ ಅಷ್ಟೇ, ಇಲ್ಲೂ ಅಷ್ಟೇ, ಮನುಷ್ಯರು ಮನುಷ್ಯರೇ.

ಹಾಗಾದರೆ ಮಷಿನ್ ತಂದರೆ ಮುಗಿಯಿತಲ್ಲ? ಮಾರಲಿಕ್ಕೆ ಬರುವವರು ಹಾಗೆಯೇ ಹೇಳುತ್ತಾರೆ, ಟೈ ಕಟ್ಟಿಕೊಂಡು, ಲ್ಯಾಪ್‌ಟಾಪಿನಲ್ಲಿ ವಿಡಿಯೋ ತೋರಿಸಿ. ಮಷಿನ್ ಒಳ್ಳೆಯದೇ. ಔಷಧದ ಹೊತ್ತು, ನೀರಿನ ಹೊತ್ತು ಅದು ಮರೆಯುವುದಿಲ್ಲ, ಅದಕ್ಕೆ ಯಾರೂ ಬಾಗಿಲಲ್ಲಿ ನಿಂತು "ರೆಡಿಯಾ?" ಅಂತ ಕೇಳುವುದಿಲ್ಲ. ಆದರೆ ಅದರ ಒಳಗೆ ಇಡುವ ಮೊದಲು ಲೀಕ್ ಟೆಸ್ಟ್, ಬ್ರಶ್ ಎಲ್ಲ ಕೈಯಲ್ಲೇ ಆಗಬೇಕು. ವಿಡಿಯೋದಲ್ಲಿ ಆ ಭಾಗ ಬೇಗ ಬೇಗ ಓಡುತ್ತದೆ.

ರಾತ್ರಿಯ ವಿಷಯ ಬೇರೆಯೇ. ಕರಾವಳಿಯ ಎಂಡೋಸ್ಕೋಪಿ ಯೂನಿಟ್‌ಗೆ ಮೀನಿನ ಮುಳ್ಳು ಹೊಸ ನೆಂಟ ಅಲ್ಲ. ಭಾನುವಾರ ರಾತ್ರಿ ಊಟ ಮಾಡುವಾಗ ಗಂಟಲಲ್ಲಿ ಸಿಕ್ಕಿರುತ್ತದೆ, ಅನ್ನದ ಉಂಡೆ ನುಂಗಿ, ಬಾಳೆಹಣ್ಣು ನುಂಗಿ, ಅಕ್ಕಪಕ್ಕದವರು ಹೇಳಿದ್ದೆಲ್ಲ ಮಾಡಿ ಮುಗಿಸಿ, ಮುಳ್ಳು ಇನ್ನೂ ಕೆಳಗೆ ಹೋದ ಮೇಲೆ ಆಸ್ಪತ್ರೆಗೆ ಬರುತ್ತಾರೆ. ಇಲ್ಲವಾದರೆ ಲಿವರ್ ಹಾಳಾದವರು ರಕ್ತ ವಾಂತಿ ಮಾಡಿಕೊಂಡು ಬರುತ್ತಾರೆ, ಅದು ನಿಜವಾಗಿ ಜೀವದ ಪ್ರಶ್ನೆ. ಆನ್ ಕಾಲ್ ಡಾಕ್ಟರು ಓಡಿ ಬರುತ್ತಾರೆ, ಕೇಸ್ ಮುಗಿಯುತ್ತದೆ, ಎಲ್ಲರಿಗೂ ಸಮಾಧಾನ. ರಕ್ತ ತುಂಬಿದ ಸ್ಕೋಪ್ ಮಾತ್ರ ಅಲ್ಲಿಯೇ ಉಳಿಯುತ್ತದೆ. ಒಂದು ಗಂಟೆಯ ಒಳಗೆ ಕೈಯಲ್ಲಿ ತೊಳೆಯಲಿಕ್ಕೆ ಶುರು ಮಾಡಬೇಕು ಅನ್ನುವುದು ಸಾಮಾನ್ಯ ನಿಯಮ. ತಡವಾದರೆ ತಯಾರಿಸಿದವರು ಹೇಳಿದ ಹಾಗೆ ಗಂಟೆಗಟ್ಟಲೆ ನೆನೆಹಾಕಿ ಆಮೇಲೆ ತೊಳೆಯಬೇಕು. ರಾತ್ರಿ ಎರಡು ಗಂಟೆಗೆ ಮುಳ್ಳು ತೆಗೆಯಲಿಕ್ಕೆ ಜನ ಉಂಟು, ತೊಳೆಯಲಿಕ್ಕೆ ಉಂಟಾ? ಎಷ್ಟೋ ಕಡೆ ಬೆಳಗ್ಗೆ ಬಂದವರು ನೋಡುವುದು ಒಣಗಿ ಅಂಟಿದ ಕಪ್ಪು ರಕ್ತ. ಅಂಥ ಸ್ಕೋಪ್ ಅರ್ಧ ದಿನ ಲಿಸ್ಟಿಗೆ ಸಿಗುವುದಿಲ್ಲ. ಆದರೆ ಆ ದಿನದ ಲಿಸ್ಟಿನಿಂದ ಹೆಸರುಗಳು ಕಡಿಮೆಯಾಗಿರುವುದಿಲ್ಲ.

ಇನ್ನೊಂದು ಮಾತೂ ಹೇಳಬೇಕು, ಎಲ್ಲವನ್ನೂ ಸರಿಯಾಗಿ ಮಾಡಿದರೂ ಸಾಲದ ಸ್ಕೋಪುಗಳಿವೆ. ಇಆರ್‌ಸಿಪಿಗೆ ಬಳಸುವ ಡುಯೊಡಿನೋಸ್ಕೋಪ್. ಪಿತ್ತನಾಳದ ಕಲ್ಲು ತೆಗೆಯುವುದು ಅದರಲ್ಲಿ. ತುದಿಯಲ್ಲಿ ಎಲಿವೇಟರ್ ಅಂತ ಒಂದು ಪುಟ್ಟ ಸನ್ನೆ ಇರುತ್ತದೆ, ಅದರ ಹಿಂದಿನ ಸಂದಿಗೆ ಬ್ರಶ್ ಸರಿಯಾಗಿ ಮುಟ್ಟುವುದೇ ಇಲ್ಲ. 2015ರಲ್ಲಿ ಲಾಸ್ ಏಂಜಲೀಸಿನ ಯುಸಿಎಲ್ಎ ಆಸ್ಪತ್ರೆಯಲ್ಲಿ ಇಂಥ ಸ್ಕೋಪಿನಿಂದ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ 7 ಜನರಿಗೆ ಹರಡಿದ್ದು ಗೊತ್ತಾಯಿತು, ಅವರಲ್ಲಿ ಇಬ್ಬರ ಸಾವಿಗೆ ಅದೂ ಕಾರಣ ಅಂದರು. 179 ಜನರನ್ನು ಕರೆದು ಟೆಸ್ಟ್ ಮಾಡಿಸಿಕೊಳ್ಳಿ ಅಂತ ಹೇಳಬೇಕಾಯಿತು. ಕಂಪನಿ ಹೇಳಿದ ಹಾಗೆಯೇ ತೊಳೆದಿದ್ದೆವು ಅಂತ ಆಸ್ಪತ್ರೆ ಹೇಳಿತು. ಸ್ಕೋಪಿನ ರಚನೆಯೇ ತೊಳೆಯಲಿಕ್ಕೆ ಅಡ್ಡ ಬರಬಹುದು ಅಂತ ಔಷಧ, ಉಪಕರಣಗಳ ಮೇಲೆ ಕಣ್ಣಿಡುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಡಿಎ ಕೂಡ ಆ ವರ್ಷ ಒಪ್ಪಿತು. 2019ರಲ್ಲಿ, ತುದಿ ಬಿಚ್ಚಿ ಎಸೆಯುವ ಅಥವಾ ಪೂರ್ತಿ ಎಸೆಯುವ ಡುಯೊಡಿನೋಸ್ಕೋಪುಗಳ ಕಡೆಗೆ ಹೋಗಿ ಅಂತ ಆಸ್ಪತ್ರೆಗಳಿಗೆ ಸಲಹೆ ಕೊಟ್ಟಿತು.

ಈ ಸುದ್ದಿ ಓದಿದಾಗ ನನಗೆ ಬೇಸರದ ಜೊತೆಗೆ ಸ್ವಲ್ಪ ಸಮಾಧಾನವೂ ಆಯಿತು ಅಂದರೆ ತಪ್ಪು ತಿಳಿಯಬೇಡಿ. ಕೊನೆಗೂ ಯಾರೋ ತೊಳೆಯುವವರ ಕೈ ಬಿಟ್ಟು ಪೈಪಿನ ಕಡೆ ನೋಡಿದರಲ್ಲ ಅಂತ.

ಎಲ್ಲವನ್ನೂ ಒಮ್ಮೆ ಬಳಸಿ ಎಸೆಯುವುದೇ ಉತ್ತರವಾ? ನನಗೆ ಹಾಗೆ ಕಾಣುವುದಿಲ್ಲ. ಐಸಿಯುನಲ್ಲಿ ರಾತ್ರಿ ಶ್ವಾಸಕೋಶ ನೋಡಲಿಕ್ಕೆ ಎಸೆಯುವ ಬ್ರಾಂಕೋಸ್ಕೋಪ್ ಇದ್ದರೆ ಒಳ್ಳೆಯದೇ, ಆ ಹೊತ್ತಿಗೆ ತೊಳೆಯುವವರು ಇರುವುದಿಲ್ಲ, ರೋಗಿಗೆ ಮೊದಲೇ ಶಕ್ತಿ ಇರುವುದಿಲ್ಲ. ಆದರೆ ದಿನಕ್ಕೆ 20 ಹೊಟ್ಟೆ ನೋಡುವ ಕಡೆ ದಿನಕ್ಕೆ 20 ಸ್ಕೋಪ್ ಎಸೆದರೆ ಮೊದಲ ಬಸ್ಸಿಗೆ ಬಂದವರು ಆ ದುಡ್ಡು ಎಲ್ಲಿಂದ ತರುವುದು? ಕ್ಯಾಮೆರಾ, ತಂತಿ, ಪ್ಲಾಸ್ಟಿಕ್ ಎಲ್ಲ ಸೇರಿದ ಆ ಕಸ ಎಲ್ಲಿಗೆ ಹೋಗುವುದು? ಅಲ್ಲದೆ 'ಒಮ್ಮೆ ಮಾತ್ರ ಬಳಸಿ' ಅಂತ ದಪ್ಪ ಅಕ್ಷರದಲ್ಲಿ ಬರೆದದ್ದನ್ನೂ ತೊಳೆದು ಇನ್ನೊಮ್ಮೆ ಬಳಸುವ ಅಭ್ಯಾಸ ನಮ್ಮ ದೇಶದಲ್ಲಿ ಇಲ್ಲವೇ ಇಲ್ಲ ಅಂತ ಯಾರೂ ಆಣೆ ಹಾಕಲಾರರು. ತೊಳೆಯಲಿಕ್ಕೆ ಮಾಡದ ವಸ್ತುವನ್ನು ತೊಳೆಯಲಿಕ್ಕೆ ಕೂತರೆ ಅದು ಇನ್ನೂ ಅಪಾಯ.

ನಮಗೆ ಬೇಕಾದದ್ದು ಅಷ್ಟು ದೊಡ್ಡದೇನಲ್ಲ. ಇನ್ನೊಂದು ಜೊತೆ ಕೈ, ಇನ್ನೊಂದು ಎರಡು ಸ್ಕೋಪ್, ಸೊಂಟದ ಎತ್ತರಕ್ಕೆ ಸರಿಯಾದ ಸಿಂಕ್, ಒಂದು ಒಳ್ಳೆಯ ಎಕ್ಸಾಸ್ಟ್ ಫ್ಯಾನ್. ಫ್ಯಾನ್ ಅಂದಾಗ ನಗಬೇಡಿ. ಗ್ಲುಟರಾಲ್ಡಿಹೈಡಿನ ಹಬೆ ಕಣ್ಣು ಉರಿಸುತ್ತದೆ, ಮೂಗು ಸೋರಿಸುತ್ತದೆ, ಕೆಲವರಿಗೆ ದಮ್ಮು ಬರಿಸುತ್ತದೆ. ಒಪಿಎಗೆ ಅಷ್ಟು ವಾಸನೆ ಇಲ್ಲ, ಆದರೆ ಚರ್ಮಕ್ಕೆ ತಾಗಿದರೆ ಬೂದು ಬಣ್ಣದ ಕಲೆ. ಮದುವೆಗೆ ಹೋದಾಗ "ಕೈಗೆ ಎಂತ ಆಯ್ತು?" ಅಂತ ಚಿಕ್ಕಮ್ಮಂದಿರು ಕೇಳುವುದು ಅದನ್ನೇ. ಪ್ಲಾಸ್ಟಿಕ್ ಏಪ್ರನ್, ಉದ್ದ ಗ್ಲೌಸ್, ಮಾಸ್ಕ್, ಅದರ ಮೇಲೆ ಫೇಸ್ ಶೀಲ್ಡ್ ಹಾಕಿಕೊಂಡು ಮೇ ತಿಂಗಳ ಮಂಗಳೂರಿನಲ್ಲಿ ಒಂದು ಮೂಲೆಯ ರೂಮಿನಲ್ಲಿ ನಿಂತು ನೋಡಿ. ಅರ್ಧ ಗಂಟೆಗೆ ಬೆವರು ಗ್ಲೌಸಿನ ಒಳಗಿನಿಂದ ಮೊಣಕೈಗೆ ಇಳಿಯುತ್ತದೆ, ಶೀಲ್ಡ್ ಮಬ್ಬಾಗುತ್ತದೆ, ಮಬ್ಬಾದ ಶೀಲ್ಡಿನಲ್ಲಿ ಬ್ರಶ್ಶಿನ ತುದಿ ಶುದ್ಧ ಉಂಟಾ ಇಲ್ಲವಾ ಅಂತ ನೋಡಬೇಕು. ಒಂದು ಎಸಿ ಕೇಳಿದಾಗ ಸ್ಟೋರ್ಸಿನವರು "ತೊಳೆಯುವ ರೂಮಿಗೆ ಎಸಿಯಾ?" ಅಂತ ಕೇಳಿದರು. ಅದೂ ಎಸಿ ರೂಮಿನಲ್ಲಿ ಕೂತು.

ಲಿಸ್ಟಿನ ವಿಷಯ ನಮ್ಮ ಡಾಕ್ಟರೊಬ್ಬರ ಹತ್ತಿರ ಮಾತಾಡಿದೆ. ಅವರು ಕೇಳಿಸಿಕೊಂಡರು, ಅದೇ ದೊಡ್ಡದು. ಗ್ಯಾಸ್ಟ್ರೋ, ಕೊಲೊನ್ ಕೇಸುಗಳನ್ನು ಒಂದರ ನಡುವೆ ಒಂದು ಹಾಕಿದರೆ ಒಂದು ಥರದ ಸ್ಕೋಪ್ ತೊಳೆಯುವಾಗ ಇನ್ನೊಂದು ಬಳಕೆಯಲ್ಲಿ ಇರುತ್ತದೆ, ದೂರದಿಂದ ಬಂದವರನ್ನು ಮೊದಲು ಮುಗಿಸಿ ಊರಿನವರಿಗೆ ಮಧ್ಯಾಹ್ನ ಹೇಳಿದರೆ ಬೆಳಗ್ಗಿನ ನೂಕುನುಗ್ಗಲು ಇಳಿಯುತ್ತದೆ ಅಂತ ನಾನು ಹೇಳಿದ್ದು. ಮಧ್ಯಾಹ್ನಕ್ಕೆ ಜನ ಒಪ್ಪುವುದಿಲ್ಲ ಮಾರಾಯ್ತಿ, ಅಷ್ಟು ಹೊತ್ತು ಉಪವಾಸ ಯಾರು ಕೂರುತ್ತಾರೆ ಅಂದರು ಅವರು. ಅದೂ ಸರಿಯೇ. ಕೊಲೊನ್ ಕೇಸ್ ನಡುನಡುವೆ ಹಾಕುವುದು ಮಾತ್ರ ಆ ಡಾಕ್ಟರ ದಿನಗಳಲ್ಲಿ ನಡೆಯುತ್ತಿದೆ, ಉಳಿದವರ ದಿನಗಳಲ್ಲಿ ಹಳೆಯ ಹಾಗೆಯೇ.

ನೀವು ಎಂಡೋಸ್ಕೋಪಿಗೆ ಹೋಗುವವರಾದರೆ ಒಂದು ಮಾಡಬಹುದು. ಒಳಗೆ ಕರೆದಾಗ ಕೇಳಿ, ಈ ಸ್ಕೋಪಿನ ನಂಬರ್ ಎಷ್ಟು, ಇದನ್ನು ಯಾವಾಗ ತೊಳೆದದ್ದು, ಯಾರು ತೊಳೆದದ್ದು. ಒಳ್ಳೆಯ ಯೂನಿಟ್‌ನಲ್ಲಿ ಅದಕ್ಕೆ ರಿಜಿಸ್ಟರ್ ಇರುತ್ತದೆ, ಯಾವ ಸ್ಕೋಪ್ ಯಾವ ರೋಗಿಗೆ ಹೋಯಿತು ಅಂತ ಗಂಟೆ ಸಮೇತ ಬರೆದಿರುತ್ತಾರೆ. ಕೇಳಿದರೆ ನಮಗೆ ಸಿಟ್ಟು ಬರುವುದಿಲ್ಲ. ಸಿಟ್ಟು ಬಂದವರ ಹತ್ತಿರ ಇನ್ನೊಮ್ಮೆ ಕೇಳಿ.